ಅರ್ಕಾವತ್ತು ಮತ್ತು ಮಾಗಡಿಯ ಮಿಕ್ಸಿಗಳು

ಯಾರಾದರೂ ಏನನ್ನಾದರೂ ಪುಕ್ಕಟೆ ಕೊಟ್ಟರೆ ನನಗೆ ಮೊದಲು ಬರುವುದು ಸಂತೋಷವಲ್ಲ, ಸಂಶಯ. ಇದು ಹುಟ್ಟುಗುಣವೋ, ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಿಗೆ ಅಲೆದು ಅಂಟಿಸಿಕೊಂಡ ರೋಗವೋ ಹೇಳಲಾರೆ. ಚಿಕ್ಕವಳಿದ್ದಾಗ ದೊಡ್ಡಮಳೂರಿನ ದೇವಸ್ಥಾನದಲ್ಲಿ ದೊನ್ನೆಗೆ ಪೊಂಗಲ್ ಹಾಕಿ ಕೊಟ್ಟರೆ, ಉಳಿದ ಮಕ್ಕಳೆಲ್ಲ ಇನ್ನೊಂದು ದೊನ್ನೆಗೆ ಕೈಯೊಡ್ಡುತ್ತಿದ್ದ ಹೊತ್ತಿನಲ್ಲಿ ನಾನು "ಇದಕ್ಕೆ ಅಕ್ಕಿ ಯಾರು ಕೊಟ್ಟರು?" ಎಂದು ಕೇಳಿದ್ದೆನಂತೆ. ಹಂಚುತ್ತಿದ್ದವರು "ಯಾರೋ ಭಕ್ತರು ಕೊಟ್ಟಿದ್ದಾರೆ, ತಿನ್ನಮ್ಮ" ಎಂದರಂತೆ. "ಯಾರೋ ಅಂದ್ರೆ ಯಾರು?" ಎಂದು ನಾನು ಮುಂದುವರಿಸುವಷ್ಟರಲ್ಲಿ ಅಮ್ಮ ತೊಡೆ ಚಿವುಟಿ ಎಳೆದುಕೊಂಡು ಬಂದಳಂತೆ. ಚಿವುಟಿದ ಗುರುತು ಮಾಯವಾಗಿದೆ, ಪ್ರಶ್ನೆ ಹಾಗೇ ಇದೆ. ಆ "ಯಾರೋ" ಎಂಬ ಮನುಷ್ಯನ ಹೆಸರು, ಊರು, ಉದ್ದೇಶ ತಿಳಿಯದೆ ನನಗೆ ಪೊಂಗಲ್ಲೂ ಇಳಿಯುವುದಿಲ್ಲ.

ರಾಮನಗರದಲ್ಲಿ ನಡೆದ ಒಂದು ಚರ್ಚಾಸ್ಪರ್ಧೆಯಲ್ಲಿ "ಪುಕ್ಕಟೆ ಕೊಡುಗೆಗಳು ಗ್ರಾಹಕರಿಗೆ ಮಾಡುವ ಮೋಸ" ಎಂಬ ವಿಷಯದ ಪರವಾಗಿ ವಾದಿಸಿ ನಾನು ಮೊದಲ ಬಹುಮಾನ ಪಡೆದೆ. ಸೋಪಿನ ಜತೆ ಬರುವ ಬಾಚಣಿಗೆಯಿಂದ ಹಿಡಿದು ಚಹಾಪುಡಿಯ ಜತೆ ಬರುವ ಚಮಚದವರೆಗೆ ಒಂದನ್ನೂ ಬಿಡಲಿಲ್ಲ. ಬಹುಮಾನವಾಗಿ ಬಂದದ್ದು ಆರು ಸ್ಟೀಲು ಲೋಟಗಳು. ಒಂದೊಂದರ ಮೇಲೂ ಅದನ್ನು ದಾನ ಮಾಡಿದ ಪಾತ್ರೆ ಅಂಗಡಿಯ ಹೆಸರು ಕೆತ್ತಿತ್ತು. ಎದುರು ತಂಡದ ಹುಡುಗಿಯೊಬ್ಬಳು ಲೋಟವನ್ನು ಬೆಳಕಿಗೆ ಹಿಡಿದು ಆ ಹೆಸರು ಓದಿ, ನನ್ನ ಮುಖ ನೋಡಿ, ಏನೂ ಹೇಳದೆ ಹೋದಳು. ಅವಳು ಏನಾದರೂ ಹೇಳಿದ್ದರೆ ನಾನು ಖಂಡಿಸಬಹುದಾಗಿತ್ತು.

ಓದು ಮುಗಿದ ಮೇಲೆ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ರಬ್ಬರ್ ವಾಷರ್ ಕಾರ್ಖಾನೆಯಲ್ಲಿ, ಸಿಬ್ಬಂದಿ ವಿಭಾಗದಲ್ಲಿ ಕೆಲಸ ಸಿಕ್ಕಿತು. ರಾಗಿ ಹೊಲಗಳ ನಡುವೆ ತಿಂಗಳಿಗೊಂದು ತಗಡಿನ ಷೆಡ್ಡು ಏಳುತ್ತಿದ್ದ ಕಾಲ ಅದು. ದಿನವೂ ಕನಕಪುರದಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಪಕ್ಕದ ಸೀಟು ಸಾಮಾನ್ಯವಾಗಿ ಮಾದಣ್ಣನದು. ಕೋಡಿಹಳ್ಳಿ ಕಡೆಯ ರೈತ, ನಮ್ಮ ಕಾರ್ಖಾನೆಯ ಪ್ರೆಸ್ ವಿಭಾಗದಲ್ಲಿ ಸೂಪರ್‌ವೈಸರ್. ಅವನ ಎಡಗೈಯ ಕಿರುಬೆರಳು ಒಂದು ಗೆಣ್ಣಿನಷ್ಟು ಕಮ್ಮಿ. ಹಿಂದೆ ಕೆಲಸ ಮಾಡುತ್ತಿದ್ದ ಇನ್ನೊಂದು ಕಡೆ, ಯಂತ್ರದ ಮೇಲಿನ ಎಚ್ಚರಿಕೆಯೆಲ್ಲ ಇಂಗ್ಲಿಷಿನಲ್ಲಿತ್ತಂತೆ. "ಕೆಂಪಕ್ಸರದಲ್ಲಿ ಏನೋ ಬರೆದಿದ್ರು ಕಣವ್ವ. ಕಂಪ್ನಿ ಹೆಸ್ರು ಅನ್ಕಂಡಿದ್ದೆ" ಎಂದು ಒಮ್ಮೆ ನಗುತ್ತಲೇ ಹೇಳಿದ್ದ. ನಾನು ನಗಲಿಲ್ಲ.

ನಮ್ಮಲ್ಲಿ ಎಚ್ಚರಿಕೆ, ಸೂಚನೆ, ಯಂತ್ರ ನಡೆಸುವ ಕ್ರಮ ಎಲ್ಲ ಸೇರಿ ಸುಮಾರು ಇನ್ನೂರು ಪುಟದ ಕನ್ನಡ ಕೈಪಿಡಿಯೊಂದಿತ್ತು. ನನಗಿಂತ ಮುಂಚೆ ಇದ್ದ ಟೈಪಿಸ್ಟ್ ಒಬ್ಬರು ವರ್ಷಗಟ್ಟಲೆ ಕೂತು ಮಾಡಿದ್ದು. ಅದನ್ನು ಟೈಪ್ ಮಾಡಿದ್ದ ತಂತ್ರಾಂಶಕ್ಕೆ ಒಂದು ಬೀಗ: ಕಂಪ್ಯೂಟರಿನ ಬೆನ್ನಿಗೆ ಚುಚ್ಚುವ ಬೆಂಕಿಪೊಟ್ಟಣದಷ್ಟು ಡಬ್ಬಿ. ಅದು ಇದ್ದರೆ ಕನ್ನಡ, ಇಲ್ಲದಿದ್ದರೆ ಇರುವೆ ಸಾಲು. ಒಂದು ದಿನ ಕರೆಂಟು ಏರಿಳಿದು ಕಂಪ್ಯೂಟರೂ ಡಬ್ಬಿಯೂ ಜತೆಯಲ್ಲೇ ಸುಟ್ಟುಹೋದವು. ಕಡತದ ಪ್ರತಿ ಬೇರೆ ಕಡೆ ಉಳಿದಿತ್ತು, ಆದರೆ ಹೊಸ ಯಂತ್ರದಲ್ಲಿ ತೆರೆದರೆ ಪುಟದ ತುಂಬ ಇರುವೆಗಳು. ಭಾಷೆ ನಮ್ಮದು, ಟೈಪ್ ಮಾಡಿದವರು ನಮ್ಮವರು, ಬೀಗದ ಕೈ ಮಾತ್ರ ಇನ್ಯಾರದ್ದೋ.

ತಿಂಗಳ ಕೊನೆಗೆ ಹಳೆಯವುಗಳ ಬಗೆಯದೇ ಹೊಸ ಪ್ರೆಸ್ ಯಂತ್ರ ಶುರುವಾಗುವುದಿತ್ತು, ಅದಕ್ಕೂ ಕೈಪಿಡಿಯ ಸೂಚನೆಗಳೇ ಬೇಕಿದ್ದವು. ಮ್ಯಾನೇಜರು ನನ್ನನ್ನು ಕರೆದು, "ನೋಡೀ ಸುಮಿತ್ರಾ, ಹೊಸ ಡಬ್ಬಿಗೆ ತಿಂಗಳುಗಟ್ಟಲೆ ಕಾಯ್ಬೇಕಂತೆ. ಯಂತ್ರದ ಜತೆ ಇಂಗ್ಲಿಷ್ ಸೂಚನೆ ಬಂದಿದೆ, ಅದನ್ನೇ ಅಂಟಿಸಿಬಿಡೋಣ. ಈಗ ಎಲ್ಲರಿಗೂ ಅಷ್ಟಿಷ್ಟು ಇಂಗ್ಲಿಷ್ ಬರುತ್ತೆ" ಎಂದರು. ನನಗೆ ಮಾದಣ್ಣನ ಕಿರುಬೆರಳು ಕಣ್ಣ ಮುಂದೆ ಬಂತು. "ಮೊದಲನೆಯದಾಗಿ" ಎಂದು ಶುರುಮಾಡಿದೆ. ಐದನೆಯದಾಗಿಗೆ ಬರುವಷ್ಟರಲ್ಲಿ ಅವರು ಕೈ ಮುಗಿದು, "ಯಂತ್ರ ಶುರುವಾಗೋ ದಿನದೊಳಗೆ ನೀವೇ ಕನ್ನಡ ಸರಿಮಾಡಿ ತನ್ನಿ. ಆಗದಿದ್ದರೆ ಇಂಗ್ಲಿಷ್" ಎಂದರು. ಚರ್ಚೆಯಲ್ಲಿ ಗೆದ್ದವರಿಗೆ ಲೋಟ ಕೊಡುತ್ತಾರೆ, ಕಚೇರಿಯಲ್ಲಿ ಗೆದ್ದವರಿಗೆ ಕೆಲಸ ಕೊಡುತ್ತಾರೆ ಎಂಬುದು ಆಗ ತಿಳಿಯಿತು.

ಕನಕಪುರದ ಇಂಟರ್ನೆಟ್ ಸೆಂಟರಿನಲ್ಲಿ ಗಂಟೆಗಟ್ಟಲೆ ಹುಡುಕಿದ ಮೇಲೆ ಒಂದು ಪುಟ್ಟ ತಂತ್ರಾಂಶ ಸಿಕ್ಕಿತು. ಹೆಸರು "ಪಲ್ಟಿ". ಹಳೆಯ ಫಾಂಟಿನ ಕನ್ನಡವನ್ನು ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಹೊಸ ಕನ್ನಡಕ್ಕೆ ಪಲ್ಟಿ ಹೊಡೆಸುವುದು ಅದರ ಕೆಲಸ. ಪುಟದಲ್ಲಿ ಬರೆದಿತ್ತು: "ಇದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಳಸಿ, ಹಂಚಿ, ಬಿಚ್ಚಿ ನೋಡಿ, ತಿದ್ದಿ." ಬೆಲೆಯಿಲ್ಲ, ಬೀಗವಿಲ್ಲ, ಬಾಚಣಿಗೆಯೂ ಇಲ್ಲ. ನನ್ನ ರೋಗ ಕೆರಳಿತು. ಇವನಿಗೆ ಏನು ಲಾಭ? ನಮ್ಮ ಕಡತಗಳನ್ನು ಕದ್ದು ಯಾರಿಗಾದರೂ ಕಳಿಸುತ್ತಾನೆಯೇ? ಸ್ವಲ್ಪ ದಿನ ರುಚಿ ತೋರಿಸಿ ಆಮೇಲೆ ಬೆಲೆ ಹೇಳುತ್ತಾನೆಯೇ? ಇಲ್ಲ, ಶ್ರೀಮಂತರ ಮಗನೇ? ಕೆಳಗೆ ಬರೆದವರ ಹೆಸರು ಚಂದ್ರಣ್ಣ ಎಂದೂ, ಊರು ಮಾಗಡಿ ಎಂದೂ ಇತ್ತು. ಅಮೆರಿಕಾ ಎಂದಿದ್ದರೆ ನಂಬುತ್ತಿದ್ದೆನೋ ಏನೋ. ನಲವತ್ತೈವತ್ತು ಮೈಲಿಯೊಳಗಿನ ಮನುಷ್ಯ ಪುಕ್ಕಟೆ ಕೊಡುತ್ತಾನೆಂದರೆ ನಂಬುವುದು ಹೇಗೆ?

ನಂಬಲಿಲ್ಲ, ಆದರೆ ಬಳಸಿದೆ. ನಂಬಿಕೆಗೂ ಬಳಕೆಗೂ ನನ್ನಲ್ಲಿ ಸಂಬಂಧವಿಲ್ಲ. ಇರುವೆಗಳೆಲ್ಲ ಎದ್ದು ನಿಂತು ಅಕ್ಷರಗಳಾದವು. ಮೊದಲ ಪುಟವನ್ನು ಮುದ್ರಿಸಿ, ಮ್ಯಾನೇಜರಿಗೆ ತೋರಿಸುವ ಉತ್ಸಾಹದಲ್ಲಿ ಓದದೆಯೇ ಸೂಚನಾ ಫಲಕಕ್ಕೆ ಅಂಟಿಸಿಬಿಟ್ಟೆ. ಊಟದ ಬಿಡುವಿನಲ್ಲಿ ಫಲಕದ ಮುಂದೆ ಜಾತ್ರೆ. ಮಾದಣ್ಣ ಜೋರಾಗಿ ಓದುತ್ತಿದ್ದ: "ಕಾಮಿಕರ ಗಮನಕ್ಕೆ! ಎಲ್ಲರೂ ಮಯಾದೆಯಿಂದ ವತಿಸಿ!" ಕಾರ್ಮಿಕರು ಕಾಮಿಕರಾಗಿದ್ದರು. ಮರ್ಯಾದೆ ಹೋಗಿತ್ತು.

"ಅಲ್ಲ ಕಣವ್ವಾ, ಹೆಂಡ್ತಿ ಮಕ್ಳು ಇರೋರನ್ನೆಲ್ಲಾ ಹಿಂಗೆ ಕಾಮಿಕ್ರು ಮಾಡ್ಬುಟ್ರೆ ಹೆಂಗೆ? ನಾಳೆ ಮನೇಲಿ ಮಖ ಎತ್ತಂಗೈತಾ?" ಎಂದು ಮಾದಣ್ಣ ಕೇಳಿದ. ಹಿಂದಿನಿಂದ ಯಾರೋ, "ಲೇ, ನಿನ್ನ ವಿಸ್ಯ ಮೇಡಮ್ಮಂಗೆ ಮೊದ್ಲೇ ಗೊತ್ತಿತ್ತು ಕಣ್ಲಾ" ಎಂದರು. ಫಲಕದಿಂದ ಹಾಳೆ ಕಿತ್ತುಕೊಂಡು ಬಂದು ನೋಡಿದರೆ, ಇಡೀ ಕೈಪಿಡಿಯಲ್ಲಿ ಒಂದೇ ಒಂದು ಅರ್ಕಾವತ್ತೂ ಇಲ್ಲ. "ಅರ್ಧ" ಎಂಬಲ್ಲಿ "ಅಧ", "ಸ್ಪರ್ಶಿಸಬೇಡಿ" ಎಂಬಲ್ಲಿ "ಸ್ಪಶಿಸಬೇಡಿ". ಅರ್ಕಾವತಿ ಹೊಳೆ ಹರಿಯುವ ಸೀಮೆಯಲ್ಲಿ ಅರ್ಕಾವತ್ತಿಗೆ ಬರ ಬಂದಿತ್ತು.

ಅಂದೇ ಚಂದ್ರಣ್ಣನವರಿಗೆ ಮಿಂಚಂಚೆ ಬರೆದೆ. ಮೊದಲನೆಯದಾಗಿ, ಸರಿಯಿಲ್ಲದ ವಸ್ತುವನ್ನು ಪುಕ್ಕಟೆ ಕೊಡುವುದೂ ಮೋಸವೇ. ಎರಡನೆಯದಾಗಿ, ದುಡ್ಡು ಪಡೆಯದವನಿಗೆ ಹೊಣೆಯೂ ಇರುವುದಿಲ್ಲ. ಮೂರನೆಯದಾಗಿ, ಇದರಿಂದ ನಿಮಗೆ ಏನು ಲಾಭ ಎಂಬುದನ್ನು ಬಳಕೆದಾರರಿಗೆ ತಿಳಿಸುವುದು ನಿಮ್ಮ ಕರ್ತವ್ಯ. ಹೀಗೆ ಏಳು ಅಂಶ. ಮರುದಿನ ಉತ್ತರ ಬಂತು, ಅಚ್ಚುಕಟ್ಟಾದ ಕನ್ನಡದಲ್ಲಿ: "ದೋಷ ತಿಳಿಸಿದ್ದಕ್ಕೆ ವಂದನೆಗಳು. ಬಳಸಿದವರೆಲ್ಲ ಕೈಯಲ್ಲೇ ತಿದ್ದಿಕೊಂಡಿದ್ದಾರೆಂದು ಕಾಣುತ್ತದೆ, ಇದುವರೆಗೆ ಒಬ್ಬರೂ ಬರೆದಿಲ್ಲ. ಖಂಡಿತ ಸರಿಪಡಿಸುತ್ತೇನೆ. ಆದರೆ ಮುಂದಿನ ತಿಂಗಳು. ಈಗ ಹಬ್ಬದ ಮುಂಚಿನ ಮಿಕ್ಸಿ ಸೀಸನ್. ಅವಸರವಿದ್ದರೆ ಮೂಲಸಂಕೇತ ಪುಟದಲ್ಲೇ ಇದೆ, ತಾವೇ ತಿದ್ದಬಹುದು." ಮೂಲಸಂಕೇತ, ಅಂದರೆ ಪಲ್ಟಿಯ ಒಳಗಿನ ಪ್ರೋಗ್ರಾಂ ಬರಹ, ತೆರೆದೆ. ಅದೂ ಇರುವೆ ಸಾಲೇ. ಮಿಕ್ಸಿ ಸೀಸನ್ ಎಂದರೇನೆಂಬುದು ಅದಕ್ಕಿಂತಲೂ ಕಮ್ಮಿ ಅರ್ಥವಾಯಿತು.

ಸಂಜೆ ಬಸ್ಸಿನಲ್ಲಿ ಮಾದಣ್ಣನಿಗೆ ಎಲ್ಲ ಹೇಳಿದೆ. ಅವನು ಸಾವಧಾನವಾಗಿ ಕೇಳಿ, "ಅದ್ರಲ್ಲೇನೈತೆ? ಮುಯ್ಯಾಳು ಇದ್ದಂಗೆ" ಎಂದ. "ರಾಗಿ ಕುಯ್ಲಲ್ಲಿ ಇವತ್ತು ನಾನು ಅವ್ನ ಹೊಲಕ್ಕೆ ಹೋಯ್ತೀನಿ, ನಾಳಿಕ್ಕೆ ಅವ್ನು ನನ್ನ ಹೊಲಕ್ಕೆ ಬತ್ತಾನೆ. ಯಾರಿಗ್ಯಾರು ಕಾಸು ಕೊಟ್ರು?"

ಇಂಥ ವಾದಕ್ಕೇ ನಾನು ಕಾದಿದ್ದೆ. "ಸರಿ ಮಾದಣ್ಣ, ಹೊಲವೇ ಇಲ್ಲದವನು ಏನು ಮಾಡ್ತಾನೆ? ಆ ಚಂದ್ರಣ್ಣನ ಹೊಲದಲ್ಲಿ ನಾನು ಕುಯ್ಯೋಕೆ ನನಗೆ ಕುಡುಗೋಲು ಹಿಡಿಯೋಕೇ ಬರಲ್ವಲ್ಲ?"

"ಬರದೇ ಇರೋರೂ ಇತ್ತಾರೆ. ಅವ್ರು ಊಟದ್ ಹೊತ್ಗೆ ಬತ್ತಾರೆ. ಬರಲಿ ಬುಡು, ಮುದ್ದೆ ಏನು ಲೆಕ್ಕ? ಆದ್ರೆ ಉಂಡೋನು ಎದ್ದು ನಿಂತ್ಕಂಡು ಮುದ್ದೆ ಗಟ್ಟಿ ಆಗೈತೆ, ಮೊದ್ನೇದಾಗಿ, ಎಲ್ಡನೇದಾಗಿ, ಅಂತ ಕ್ಯಾತೆ ತೆಗೀಬಾರದು."

ಬಸ್ಸಿನಲ್ಲಿ ಅವನು ನನ್ನ ಮುಖ ನೋಡದೆ ಕಿಟಕಿ ನೋಡುತ್ತಿದ್ದ. ಏಳು ಅಂಶದ ವಿಷಯವನ್ನು ನಾನೇ ಹೇಳಿದ್ದೆ ಎಂಬುದು ನೆನಪಾಯಿತು.

ಭಾನುವಾರ ರಾಮನಗರದಲ್ಲಿ ಬಸ್ಸು ಬದಲಿಸಿ ಮಾಗಡಿಗೆ ಹೋದೆ. ಸಿಟ್ಟಿಗಿಂತ ಕುತೂಹಲವೇ ಜಾಸ್ತಿಯಿತ್ತು: ಆ "ಯಾರೋ" ಎಂಬವರನ್ನು ಕಡೆಗೂ ಕಣ್ಣಾರೆ ನೋಡಬಹುದು. ಬರುತ್ತೇನೆಂದು ಮೊದಲೇ ಬರೆದು ತರಿಸಿಕೊಂಡಿದ್ದ ವಿಳಾಸ ಹುಡುಕಿದರೆ ಸಿಕ್ಕಿದ್ದು ಮಿಕ್ಸಿ, ಗ್ರೈಂಡರ್ ರಿಪೇರಿ ಅಂಗಡಿ. ನೆಲದಿಂದ ಸೊಂಟದೆತ್ತರಕ್ಕೆ ಮಿಕ್ಸಿಗಳು, ಒಂದೊಂದಕ್ಕೂ ಹೆಸರಿನ ಚೀಟಿ. ಮೂಲೆಯಲ್ಲಿ ಒಂದು ಕಂಪ್ಯೂಟರು, ಅದರ ಮೇಲೆ ಮಿಕ್ಸಿ ಜಾರು. ನಲವತ್ತರ ಆಸುಪಾಸಿನ, ಕೈಯೆಲ್ಲ ಗ್ರೀಸು ಮಾಡಿಕೊಂಡ ಮನುಷ್ಯ ತಲೆಯೆತ್ತಿ, "ಏಳು ಅಂಸದ ಮೇಡಮ್ಮಾ? ಬನ್ನಿ ಬನ್ನಿ. ಒಸಿ ಕೂತ್ಕಳಿ, ಈ ಬ್ಲೇಡ್ ಬಿಚ್ಬುಟ್ಟು ಬತ್ತೀನಿ" ಎಂದರು.

ಬತ್ತೀನಿ. ಬರ್ತೀನಿ ಅಲ್ಲ. ನಾನು ಕೂತಲ್ಲೇ ನೆಟ್ಟಗಾದೆ. "ಚಂದ್ರಣ್ಣನವರೇ, ಪಲ್ಟಿ ಸರಿಯಾಗಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡೋಕೆ ನೀವು ಯಾವ ಬರಹ ಬಳಸಿದ್ರಿ?" ಎಂದು ಕೇಳಿದೆ. ಅವರು ಕೈ ಒರೆಸಿಕೊಂಡು ಕಂಪ್ಯೂಟರಿನಲ್ಲಿ ಮೂವತ್ತು ಪುಟದ ಒಂದು ಕಡತ ತೆಗೆದರು. ಅವರ ತಾಯಿ ಹೇಳುತ್ತ ಹೋದ ಹಳೆಯ ಸುದ್ದಿಗಳನ್ನು ಬಾಯಿಂದ ಬಂದ ಹಾಗೇ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಕೊಂಡದ್ದಂತೆ. ಬತ್ತಾರೆ, ತತ್ತಾರೆ, ಇತ್ತಾರೆ. ಇಬ್ಬರೂ ಸಾಲು ಸಾಲಾಗಿ ಹುಡುಕಿದೆವು. ಮೂವತ್ತು ಪುಟದಲ್ಲಿ ಒಂದೂ ಅರ್ಕಾವತ್ತಿಲ್ಲ. ಬರ್ತಾರೆಯಿಂದ ಅದನ್ನು ನಮ್ಮ ಸೀಮೆಯ ಬಾಯಿ ಯಾವತ್ತೋ ಉದುರಿಸಿಬಿಟ್ಟಿದೆ. ಚಂದ್ರಣ್ಣ, "ನಮ್ಮವ್ವನ ಬಾಯಲ್ಲೇ ಇಲ್ಲ ಮೇಡಂ. ಇನ್ನು ಪಲ್ಟಿಗೆ ಎಲ್ಲಿಂದ ಬಂದಾತು?" ಎಂದರು. ಹಳೆಯ ಫಾಂಟಿನಲ್ಲಿ ಆ ಗುರುತು ಅಕ್ಷರವಾದ ಮೇಲೆ ಬರುತ್ತದೆ, ಹೊಸದರಲ್ಲಿ ಅಕ್ಷರಕ್ಕಿಂತ ಮುಂಚೆ. ಪಲ್ಟಿ ಅದನ್ನು ಎತ್ತಿ ಮುಂದೆ ಕೂರಿಸಬೇಕು. ಅದರ ಪರಿಚಯವೇ ಇಲ್ಲದ ಪಲ್ಟಿ ಎತ್ತಿ ಹೊರಗೆ ಎಸೆಯುತ್ತಿತ್ತು.

ದೋಷ ಸಿಕ್ಕಿತು, ಆದರೆ ನನ್ನ ಮೂರನೆಯ ಅಂಶ ಬಾಕಿ ಇತ್ತು. "ಇದಕ್ಕೆಲ್ಲ ದುಡ್ಡು ಎಲ್ಲಿಂದ?" ಎಂದೆ. ಅವರು ಮಿಕ್ಸಿಗಳ ಕಡೆ ಗದ್ದ ಎತ್ತಿ ತೋರಿಸಿದರು. ಬೇರೆ ಕಡೆ ಹೇಗೆ ನಡೆಯುತ್ತದೆಂದು ಅವರು ಓದಿ ತಿಳಿದಿದ್ದರು, ನಾನು ಒಂದೊಂದನ್ನೂ ಖಂಡಿಸುತ್ತ ಹೋದೆ. ದೊಡ್ಡ ಕಂಪನಿಗಳು ತಮ್ಮ ವ್ಯವಹಾರವೇ ಇಂಥ ತಂತ್ರಾಂಶದ ಮೇಲೆ ನಿಂತಿರುವುದರಿಂದ ತಾವೇ ಸಂಬಳ ಕೊಟ್ಟು ಜನರನ್ನು ಇಡುತ್ತವಂತೆ. "ಕಂಪನಿಗೆ ಬೇಡವಾದ ದಿನ?" ಎಂದೆ. "ಆ ದಿನ ಕಷ್ಟವೇ" ಎಂದರು. ಕೆಲವರು ತಂತ್ರಾಂಶ ಪುಕ್ಕಟೆ ಕೊಟ್ಟು, ಬಂದು ಕೂರಿಸಿ ಕಲಿಸಿಕೊಡುವುದಕ್ಕೆ ದುಡ್ಡು ತೆಗೆದುಕೊಳ್ಳುತ್ತಾರಂತೆ. "ಹಾಗಾದರೆ ಕಲಿಯೋಕೆ ಕಷ್ಟವಾಗುವ ಹಾಗೆ ಮಾಡಿದಷ್ಟೂ ಲಾಭ, ಅಲ್ವಾ?" ಅವರು ನಕ್ಕರು. ಇನ್ನು ಕೆಲವರು, ತಿದ್ದಿದ್ದನ್ನು ಮತ್ತೆ ಎಲ್ಲರಿಗೂ ಬಿಟ್ಟುಕೊಡುವವರಿಗೆ ಪುಕ್ಕಟೆ, ಬೀಗ ಹಾಕಿ ಮಾರುವವರಿಗೆ ಬೆಲೆ ಎಂದು ಎರಡು ಬಗೆಯ ಕರಾರು ಇಟ್ಟುಕೊಳ್ಳುತ್ತಾರಂತೆ. ಇದಕ್ಕೆ ಖಂಡನೆ ಹೊಳೆಯಲಿಲ್ಲ, ಚೆನ್ನಾಗಿದೆ ಅನ್ನಿಸಿತು. ಹಾಗನ್ನಿಸಿದ್ದನ್ನು ತೋರಿಸಿಕೊಳ್ಳಲಿಲ್ಲ.

"ನೀವೇನು ಮಾಡಿದ್ರಿ?" ಎಂದೆ. ಪುಟದಲ್ಲಿ "ಕಾಣಿಕೆ" ಎಂದೊಂದು ಗುಂಡಿ ಇಟ್ಟಿದ್ದರಂತೆ. ಹೊರದೇಶದ ಕನ್ನಡಿಗರೊಬ್ಬರು ಡಾಲರಿನ ಚೆಕ್ಕು ಕಳಿಸಿದರಂತೆ. ಅದನ್ನು ರೂಪಾಯಿ ಮಾಡಿಸಲು ಬ್ಯಾಂಕು ಕೇಳಿದ ಶುಲ್ಕ ಚೆಕ್ಕಿಗಿಂತ ದೊಡ್ಡದಾದ್ದರಿಂದ ಚೆಕ್ಕಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಹಾಕಿದ್ದರು. ಆಮೇಲೆ "ಪಲ್ಟಿ" ಎಂದು ಬರೆದ ಟೀ ಷರ್ಟು ಅಚ್ಚು ಹಾಕಿಸಿದರಂತೆ. ಮಾರಾಟವಾಗದೆ ಉಳಿದದ್ದನ್ನೆಲ್ಲ ಅವರ ಭಾಮೈದ ಹಾಕಿಕೊಳ್ಳುತ್ತಾನೆ. ಅವನು ಮಾಗಡಿಯಲ್ಲಿ ಆಟೋ ಓಡಿಸುವವನು. ಎದೆಯ ಮೇಲೆ ಪಲ್ಟಿ ಎಂದು ಬರೆದುಕೊಂಡವನ ಆಟೋ ಹತ್ತಲು ಜನ ಹಿಂದೆಮುಂದೆ ನೋಡುತ್ತಾರಂತೆ.

"ಮಿಕ್ಸಿಗೆ ಮಾತ್ರ ಹೇಗೆ ದುಡ್ಡು ಕೊಡ್ತಾರೆ?"

"ಮಿಕ್ಸಿ ಕೆಟ್ರೆ ಚಟ್ನಿ ನಿಂತೋಯ್ತದೆ ಮೇಡಂ. ಪಲ್ಟಿ ಕೆಟ್ರೆ ನನ್ನ ಬಯ್ಕಂಡು ಕೈಯಲ್ಲೇ ತಿದ್ಕತಾರೆ. ಮತ್ತೆ, ಮಿಕ್ಸಿ ಕಾಸು ಕೊಟ್ಟು ತಂದಿದ್ದು ನೋಡಿ, ಅದ್ಕೆ ರಿಪೇರಿಗೂ ಕೊಡ್ತಾರೆ. ಬಿಟ್ಟಿ ಬಂದಿದ್ಕೆ ರಿಪೇರಿನೂ ಬಿಟ್ಟಿ."

ಬಿಟ್ಟಿ. ಈ ಪದವನ್ನು ನಾನು ಎಷ್ಟು ವೇದಿಕೆಯ ಮೇಲೆ ಬಳಸಿದ್ದೇನೋ! ಒಂದು ಸಲವೂ ಅದರ ಇನ್ನೊಂದು ಮಗ್ಗುಲು ನೋಡಿರಲಿಲ್ಲ. ಪಡೆದವನು "ಬಿಟ್ಟಿ ಸಿಕ್ಕಿತು" ಎನ್ನುತ್ತಾನೆ. ದುಡಿದವನು "ಬಿಟ್ಟಿ ಚಾಕರಿ" ಎನ್ನುತ್ತಾನೆ. ಒಂದೇ ಪದ, ನಡುವೆ ಒಬ್ಬ ಮನುಷ್ಯ. ಇಷ್ಟು ವರ್ಷ ಪುಕ್ಕಟೆ ಪಡೆಯುವವನಿಗೆ ಏನು ಮೋಸವಾಗುತ್ತದೆ ಎಂದು ವಾದಿಸಿದ ನಾನು, ಕೊಡುವವನ ಕಡೆಯಿಂದ ಆ ಮಾತು ಹೇಗೆ ಕೇಳಿಸುತ್ತದೆಂದು ಯೋಚಿಸಿರಲಿಲ್ಲ.

"ನಾನೇನು ಮಾಡಬಹುದು ಹೇಳಿ. ನನಗೆ ಪ್ರೋಗ್ರಾಂ ಬರೆಯೋಕೆ ಬರಲ್ಲ" ಎಂದೆ. ಚಂದ್ರಣ್ಣ ಇನ್ನೊಂದು ಮಿಕ್ಸಿಯನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತ, "ಕಾಗುಣಿತ ಬತ್ತದಾ?" ಎಂದು ಕೇಳಿದರು. ಅಂತರಕಾಲೇಜು ಮಟ್ಟದಲ್ಲಿ ಗೆದ್ದವಳನ್ನು ಕೇಳುವ ಪ್ರಶ್ನೆಯೇ? "ಬರುತ್ತೆ" ಎಂದೆ, ಆ ಪದದಲ್ಲಿ ಅರ್ಕಾವತ್ತು ಇಲ್ಲದಿದ್ದರೂ ರಕಾರವನ್ನು ಒತ್ತಿಯೇ. "ಹಂಗಾದ್ರೆ ಆ ಗುರುತು ಇರೋ ಪದ ಎಲ್ಲಾ ಬರಕೊಡಿ. ಒತ್ತಕ್ಸರ ಇರೋವು, ಇಲ್ದೋವು, ಕೊಂಬು, ಗುಡಿಸು, ಎಲ್ಲಾ. ಅಷ್ಟಿದ್ರೆ ನಂಗೆ ಎಲ್ಡು ದಿನದ ಕೆಲ್ಸ. ಆದ್ರೆ ಆ ಎಲ್ಡು ದಿನ ಈ ಮಿಕ್ಸಿಯೋರ ಕೈಗೆ ಸಿಕ್ಬಾರದು ನಾನು."

ಪದಗಳ ಕೆಲಸ ನನ್ನದಾಯಿತು. ಆ ಎರಡು ದಿನ ಹುಟ್ಟಿಸುವುದೇ ಕಷ್ಟ. ಸೋಮವಾರ ಮ್ಯಾನೇಜರ ಮುಂದೆ ನಿಂತು, ಈ ಮನುಷ್ಯನ ಎರಡು ದಿನಕ್ಕೆ ಕಂಪನಿ ದುಡ್ಡು ಕೊಡಬೇಕು ಎಂದೆ. "ಪುಕ್ಕಟೆ ಸಿಗೋದಕ್ಕೆ ದುಡ್ಡು ಯಾಕ್ರೀ?" ಎಂದರು. ನಾನು ಬಿಟ್ಟಿ ಪದದ ಎರಡೂ ಮಗ್ಗುಲನ್ನು ವಿವರಿಸಿದೆ. ಅವರು ಚೆನ್ನಾಗಿದೆ ಎಂದು ತಲೆದೂಗಿ, ಖರೀದಿ ಫಾರಮ್ಮು ತೋರಿಸಿದರು. ವಸ್ತುವಿನ ಬೆಲೆ ಬರೆಯುವ ಕಡೆ ಸೊನ್ನೆ ಬರೆದರೆ ಫಾರಮ್ಮು ಮುಂದೆ ಹೋಗುವುದಿಲ್ಲ. "ಸೊನ್ನೆ ಬೆಲೆಯ ಸಾಮಾನಿಗೆ ರಿಪೇರಿ ಬಿಲ್ಲು ಹಾಕಿದರೆ ಆಡಿಟ್‌ನವರು ನನ್ನನ್ನ ರಿಪೇರಿ ಮಾಡ್ತಾರೆ."

ಪಕ್ಕದಲ್ಲಿ ರಜೆ ಚೀಟಿ ಹಿಡಿದು ನಿಂತಿದ್ದ ಮಾದಣ್ಣ, "ಸಾ, ಕ್ಯಾಂಟೀನ್ ಗ್ರೈಂಡ್ರು ಕೆಟ್ಟು ತಿಂಗ್ಳಾಯ್ತು. ಚಟ್ನಿಲಿ ಕಾಯಿ ಹಂಗಂಗೇ ಸಿಕ್ತದೆ. ಆ ಮಾಗ್ಡಿಯಪ್ಪ ಗ್ರೈಂಡ್ರೂ ಮಾಡ್ತನಂತೆ" ಎಂದ. ಮ್ಯಾನೇಜರೂ ಅದೇ ಚಟ್ನಿ ತಿನ್ನುತ್ತಿದ್ದವರು. ಗ್ರೈಂಡರಿಗೆ ಬೆಲೆಯಿತ್ತು, ಫಾರಮ್ಮಿನಲ್ಲಿ ಜಾಗವಿತ್ತು. ಹತ್ತು ನಿಮಿಷದಲ್ಲಿ ಮೂರು ಗ್ರೈಂಡರಿಗೆ ವರ್ಷದ ರಿಪೇರಿ ಕರಾರು ತಯಾರಾಯಿತು. ನಾನು ಏಳು ಅಂಶಗಳಲ್ಲಿ ಸಾಧಿಸದ್ದನ್ನು ಮಾದಣ್ಣ ಚಟ್ನಿಯಲ್ಲಿ ಸಾಧಿಸಿದ್ದ.

ಚಂದ್ರಣ್ಣ ಬಂದರು. ಗ್ರೈಂಡರುಗಳನ್ನು ನಿಜವಾಗಿಯೂ ರಿಪೇರಿ ಮಾಡಿದರು, ಆ ವಿಷಯದಲ್ಲಿ ಆಡಿಟ್‌ನವರು ನಿಶ್ಚಿಂತೆಯಿಂದ ಇರಬಹುದು. ಕರಾರಿನ ಮುಂಗಡ ಕೈಗೆ ಬಂದದ್ದರಿಂದ ಎರಡು ದಿನ ಮಾಗಡಿಯ ಅಂಗಡಿಗೆ ಬಾಗಿಲು ಹಾಕಿ, ನನ್ನ ಕಂಪ್ಯೂಟರಿನ ಮುಂದೆ ಕೂತರು. ನಾನು ಬರೆದಿಟ್ಟ ಪದಗಳು ಅಷ್ಟರಲ್ಲಿ ಮೂರು ನೋಟುಪುಸ್ತಕ ತುಂಬಿದ್ದವು. ಮಾದಣ್ಣನೂ ಬಿಡುವಿನಲ್ಲಿ ಬಂದು, ಪಲ್ಟಿ ಹೊಡೆಸಿದ ಪುಟಗಳನ್ನು ಗಟ್ಟಿಯಾಗಿ ಓದಿ, ಎಡವಿದ ಕಡೆ ಗುರುತು ಹಾಕಿ ಕೊಟ್ಟ. ಹೊಸ ಪ್ರೆಸ್ ಯಂತ್ರ ಶುರುವಾದ ಬೆಳಿಗ್ಗೆ ಅದರ ಮೇಲೆ ಅಚ್ಚ ಕನ್ನಡದ ಹಾಳೆ ಅಂಟಿಕೊಂಡಿತ್ತು: "ಕಾರ್ಮಿಕರ ಗಮನಕ್ಕೆ. ಯಂತ್ರ ಪೂರ್ತಿ ನಿಲ್ಲುವವರೆಗೆ ಸ್ಪರ್ಶಿಸಬೇಡಿ." ಮಾದಣ್ಣ ಆ ಮೋಟು ಕಿರುಬೆರಳಿನಲ್ಲೇ ಒಂದೊಂದು ಅರ್ಕಾವತ್ತನ್ನೂ ಮುಟ್ಟಿ ಎಣಿಸಿ, "ಎಲ್ಲಾ ಅವೆ ಕಣವ್ವ" ಎಂದ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಚಂದ್ರಣ್ಣ ಪಲ್ಟಿಯ ಪುಟದಲ್ಲಿ "ಕಾಗುಣಿತದ ತೊಂದರೆಗಳಿಗೆ: ಸುಮಿತ್ರ, ಕನಕಪುರ" ಎಂದು ನನ್ನನ್ನು ಕೇಳದೆ ಸೇರಿಸಿಬಿಟ್ಟಿದ್ದಾರೆ. ಈಗ ಭಾನುವಾರಗಳಲ್ಲಿ ಇಂಟರ್ನೆಟ್ ಸೆಂಟರಿನಲ್ಲಿ ಕೂತು ಬೀದರಿನವರಿಗೂ ಮಡಿಕೇರಿಯವರಿಗೂ ಉತ್ತರ ಬರೆಯುತ್ತೇನೆ. ಗಂಟೆಯ ಬಾಡಿಗೆ ನನ್ನದೇ. ಅಮ್ಮ ಬಹುಮಾನದ ಲೋಟದಲ್ಲಿ ಕಾಫಿ ಕೊಡುತ್ತ, "ಇದರಿಂದ ನಿನಗೇನು ಸಿಗುತ್ತೆ?" ಎಂದು ಕೇಳುತ್ತಾಳೆ. ನಾನು "ಮೊದಲನೆಯದಾಗಿ" ಎಂದು ಶುರುಮಾಡುತ್ತೇನೆ, ಆಮೇಲೆ ಕಾಫಿ ಕುಡಿಯುತ್ತೇನೆ.

ಹೋದ ವಾರ ಅಪರಿಚಿತರೊಬ್ಬರ ಮಿಂಚಂಚೆ ಬಂತು. ಪಲ್ಟಿ ಅವರ ಋಕಾರಗಳನ್ನೆಲ್ಲ ನುಂಗಿಹಾಕಿದೆಯಂತೆ. ಸರಿಯಿಲ್ಲದ್ದನ್ನು ಪುಕ್ಕಟೆ ಕೊಡುವುದೂ ಮೋಸವೇ, ದುಡ್ಡು ಪಡೆಯದವರಿಗೆ ಹೊಣೆ ಇರುವುದಿಲ್ಲ, ಇದರಿಂದ ನಿಮಗೇನು ಲಾಭವೆಂದು ಕೂಡಲೇ ತಿಳಿಸಿ. ಒಟ್ಟು ಒಂಬತ್ತು ಅಂಶ. ನನಗಿಂತ ಎರಡು ಹೆಚ್ಚು. ಕಣ್ಣು ಕೆಂಪಾಗಿ, ಹನ್ನೊಂದು ಅಂಶಗಳ ಖಂಡನೆ ಟೈಪ್ ಮಾಡಿದೆ. ಒಂದು ಸಲ ಓದಿಕೊಂಡೆ, ಅಷ್ಟನ್ನೂ ಅಳಿಸಿದೆ. ಆಮೇಲೆ ಒಂದೇ ಸಾಲು ಬರೆದು ಕಳಿಸಿದೆ:

"ದೋಷ ತಿಳಿಸಿದ್ದಕ್ಕೆ ವಂದನೆಗಳು. ನಿಮಗೆ ಕಾಗುಣಿತ ಬರುತ್ತದೆಯೇ?"